ಹಾಲಿಲ್ಲದ ತಿಂಗಳಲ್ಲಿ ಅತ್ತೆಯ ಚಹಾ

ಗದ್ವಾಲದಲ್ಲಿರುವ ನನ್ನ ಸೋದರತ್ತೆಯ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕಾಗಿ ಆಕೆಯನ್ನು ಮೂರು ಸಲ ನಾರಾಯಣಪೇಟೆಗೆ ಕರೆತಂದೆ. ಮೂರು ಸಲವೂ ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಸಕ್ಕರೆ ಇಳಿದಿಲ್ಲ ಎಂದು ತಿರುಗಿ ಕಳಿಸಿದರು. ಕಾರಣ ಚಹಾ. ಹಾಗಂತ ಆಕೆಯನ್ನು ದೂರುವ ಯೋಗ್ಯತೆ ನನಗಿಲ್ಲ, ನನಗೆ ಚಹಾದ ರುಚಿ ಹತ್ತಿಸಿದವಳೇ ಆಕೆ.

ಮಕ್ತಲ್‌ನ ನಮ್ಮ ಹಳೆಯ ಮನೆಯಲ್ಲಿ ಚಹಾಕ್ಕೆ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ. ಒಳಗಿನದು ಮಡಿಯ ಒಲೆ. ಹಿತ್ತಿಲ ಪಡಸಾಲೆಯಲ್ಲಿ ಒಂದು ಸೀಮೆಎಣ್ಣೆ ಸ್ಟೌ, ಒಂದು ಕರಿ ಹಿಡಿದ ಪಾತ್ರೆ, ಎರಡು ಕಪ್ಪು-ಬಸಿ, ಅಷ್ಟೇ ಚಹಾದ ಸಂಸಾರ. ಅತ್ತೆ ಕನ್ನಡ ಶಾಲೆಯಲ್ಲಿ ಟೀಚರು. ಸಂಜೆ ಶಾಲೆಯಿಂದ ಬಂದವಳೇ ಸೀರೆ ಬದಲಿಸುವ ಮುಂಚೆ ಸ್ಟೌ ಹಚ್ಚುತ್ತಿದ್ದಳು. ನೀರು ಕುದಿಯಬೇಕು, ಪುಡಿ ಬೀಳಬೇಕು, ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುವ ತನಕ ಯಾರೂ ಮಾತಾಡಬಾರದು. ಆಮೇಲೆ ಹಾಲು. ಮೂರು ಸಲ ಉಕ್ಕಿ ಬಂದದ್ದನ್ನು ಮೂರು ಸಲ ಇಳಿಸಿ, ಕೊನೆಗೆ ಸಕ್ಕರೆ. ಬಸಿಯಲ್ಲಿ ಹೊಯ್ದು ನನ್ನ ಮುಂದೆ ಸರಿಸಿ, "ಊದಬ್ಯಾಡ, ಕಾಯಿ. ಕಾಯೋದೂ ಚಾದಾಗ ಬರ್ತದ" ಅನ್ನುತ್ತಿದ್ದಳು. ಅಂಥ ಚಹಾ ಕುಡಿದು ಬೆಳೆದವನಿಗೆ ಮುಂದಿನ ಬದುಕಿನಲ್ಲಿ ಸಿಟ್ಟು ಬರುವ ಸಂದರ್ಭಗಳು ಬಹಳ.

ಈಗಿನ ಪರಿಸ್ಥಿತಿಯನ್ನೇ ನೋಡಿ. ನಾನು ನಾರಾಯಣಪೇಟೆಯಲ್ಲಿದ್ದು ಗಡಿಯಾಚೆಯ ಒಂದು ಕನ್ನಡ ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ. ದಿನಕ್ಕೆ ಐದಾರು ಕಡೆ ಚಹಾ ಕುಡಿಯುವುದು ಕೆಲಸದ ಭಾಗ. ನಾರಾಯಣಪೇಟೆಯಲ್ಲಿ ಚಹಾ ಕೇಳಿದರೆ ಶುಂಠಿ ಕೊಡುತ್ತಾರೆ, ಅದರಲ್ಲಿ ಚಹಾ ಹುಡುಕಬೇಕು. ಗದ್ವಾಲದಲ್ಲಿ ಹೊಸದಾಗಿ ಮಣ್ಣಿನ ಕಪ್ಪುಗಳು ಬಂದಿವೆ. ಕುಡಿದ ಮೇಲೆ ಬಾಯಲ್ಲಿ ಉಳಿಯುವುದು ಮಣ್ಣಿನ ವಾಸನೆ, ಹುಡುಗರು ಅದರ ಫೋಟೋ ತೆಗೆದುಕೊಳ್ಳುತ್ತಾರೆ. ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಅಕ್ಕ ಇಟ್ಟಿರುವ ಡಬ್ಬಿ ಅಂಗಡಿಯಲ್ಲಿ ಮಾತ್ರ ಚಹಾ ಚಹಾದಂತಿದೆ. ಆದರೆ ಅಲ್ಲಿ ಸಕ್ಕರೆಯನ್ನು ಬೆಳಿಗ್ಗೆಯೇ ಹಾಲಿಗೆ ಸುರಿದುಬಿಟ್ಟಿರುತ್ತಾರೆ.

ಮೊದಲ ಸಲ ಡಾಕ್ಟರು ತೆಲುಗಿನಲ್ಲಿ ಕೇಳಿದರು, ದಿನಕ್ಕೆ ಎಷ್ಟು ಚಹಾ? ಅತ್ತೆ ಕನ್ನಡದಲ್ಲೇ, "ಎರಡು" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದ ಮೇಲೆ, "ಅತ್ಯಾ, ಎಂಟು ಕುಡೀತಿ. ಎರಡು ಅಂತ ಯಾಕ ಹೇಳಿದಿ?" ಎಂದೆ.

"ಇಡೀ ಕಪ್ಪು ಎರಡೇ. ಉಳಿದವು ಅರ್ಧಾ ಅರ್ಧಾ. ಅರ್ಧಾಕ್ಕ ಯಾರರೆ ಚಾ ಅಂತಾರೇನು?"

ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದು ಇಷ್ಟು: ಪೊರೆ ದಿನೇ ದಿನೇ ಗಟ್ಟಿಯಾಗುತ್ತಿದೆ, ತಡವಾದಷ್ಟೂ ತೆಗೆಯುವುದು ಕಷ್ಟ, ದೃಷ್ಟಿ ಪೂರ್ತಿ ಬರುತ್ತದೆ ಎಂದು ಆಗ ಖಾತ್ರಿ ಕೊಡಲಾರೆ. ಸಕ್ಕರೆ ಇನ್ನೂರರೊಳಗೆ ಬಂದರೆ ಮಾತ್ರ ಕತ್ತರಿ ಹಿಡಿಯುತ್ತೇನೆ.

ಇದನ್ನು ಅತ್ತೆಗೆ ಎರಡು ಭಾಷೆಯಲ್ಲಿ ಹೇಳಿದೆ. ಆಕೆ ತಲೆಯಾಡಿಸಿದಳು. ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ ಸೀದಾ ಡಬ್ಬಿ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಚಾತುರ್ಮಾಸ್ಯ ಬಿಟ್ಟು ಉಳಿದ ದಿನ ಹೊರಗಿನ ಚಹಾಕ್ಕೆ ಆಕೆ ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡಿದ್ದಾಳೆ.

"ಸಕ್ರಿ ಇಲ್ದಂಗ ಒಂದು ಕೊಡ್ರೀ" ಎಂದು ನಾನು ಕೇಳಿದೆ.

ಅಂಗಡಿಯ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಕ್ರಿ ಹಾಲಿನಾಗ ಬಿದ್ದು ಹೋಗೈತ್ರೀ ಸಾರ್. ಈಗ ಹೊರಗ ತಗ್ಯಾಕ ಬರಂಗಿಲ್ಲ. ಟೀಚರಮ್ಮನ್ನ ಸುಮ್ನ ಕುಂದ್ರಾಕ ಬಿಡ್ರಿ, ಬಿಸ್ಲಾಗ ಬಂದಾರ."

ಅತ್ತೆ ಬಸಿಗೆ ಹೊಯ್ದುಕೊಳ್ಳಲು ಹೋಗಿ ಪಕ್ಕಕ್ಕೆ, ಬೆಂಚಿನ ಮೇಲೆ ಹೊಯ್ದಳು. ಬಸಿ ಎಲ್ಲಿ ಮುಗಿಯುತ್ತದೆ ಎಂದು ಆಕೆಗೆ ಕಾಣುತ್ತಿರಲಿಲ್ಲ. ಎಡಗೈಯ ಬೆರಳುಗಳ ಮೇಲೆ ಹಿಂದಿನ ವಾರದ ಸುಟ್ಟ ಗಾಯವಿತ್ತು. ಅಂಗಡಿಯಾಕೆ ಬಂದು ಬೆಂಚು ಒರೆಸಿದಳು. ನಾನು ಆಕೆಯ ಕಪ್ಪು ಕಸಿದುಕೊಳ್ಳಬೇಕಿತ್ತು, ಆದರೆ ನನ್ನ ಕೈಯಲ್ಲೂ ಒಂದು ಕಪ್ಪಿತ್ತು.

ಎರಡನೆಯ ಸಲವೂ ಹೀಗೇ ಆಯಿತು. ಆ ಭೇಟಿಯನ್ನು ವಿವರಿಸುವುದಿಲ್ಲ.

ಮೂರನೆಯ ಸಲಕ್ಕೆ ನಾನು ಒಂದು ಉಪಾಯ ಮಾಡಿದೆ. ನಮ್ಮ ಕಡೆಯ ವೈಷ್ಣವ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ತಿಂಗಳಿಗೊಂದು ಪದಾರ್ಥ ಬಿಡುತ್ತಾರೆ. ಮೊದಲು ಕಾಯಿಪಲ್ಯೆ, ಆಮೇಲೆ ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯದರಲ್ಲಿ ಬೇಳೆ. ಹಾಲು ಬಿಟ್ಟ ತಿಂಗಳಲ್ಲಿ ಅತ್ತೆಯ ಮನೆಗೆ ಹಾಲಿನವನೇ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಆ ವ್ರತವನ್ನು ಆಕೆ ಒಂದು ಸಲವೂ ಮುರಿದಿಲ್ಲ. ಹಾಲಿಲ್ಲ ಎಂದರೆ ಚಹಾ ಇಲ್ಲ, ಚಹಾ ಇಲ್ಲ ಎಂದರೆ ಎಂಟು ಕಪ್ಪಿನ ಸಕ್ಕರೆಯೂ ಇಲ್ಲ. ಆ ತಿಂಗಳ ಕೊನೆಯ ವಾರಕ್ಕೆ ಡಾಕ್ಟರಿಂದ ದಿನ ಗೊತ್ತು ಮಾಡಿಸಿದೆ. ನನ್ನ ಜಾಣತನದ ಬಗ್ಗೆ ನನಗೆ ಸಮಾಧಾನವಿತ್ತು.

ದಿನಾ ಫೋನು ಮಾಡುತ್ತಿದ್ದೆ. "ಅತ್ಯಾ, ಚಾ ಕುಡಿದಿಯೇನು?"

"ಹಾಲೇ ಇಲ್ಲ, ಚಾ ಎಲ್ಲಿಂದ ಬರ್ತದೋ?"

"ಸಕ್ರಿ?"

"ಮುಟ್ಟಿಲ್ಲ."

ದನಿ ಖುಷಿಯಾಗಿತ್ತು. ಚಹಾ ಬಿಟ್ಟವರ ದನಿ ಅಷ್ಟು ಖುಷಿಯಾಗಿರುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಗೊತ್ತು ಮಾಡಿದ ದಿನ ಬಂತು. ಚೀಟಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹಿಂದಿನ ಎರಡೂ ಸಲಕ್ಕಿಂತ ಹೆಚ್ಚಿತ್ತು. "ಮೀರು ಪೇಪರ್ ವಾಳ್ಳು ಕದಾ, ಇಂಟ್ಲೋ ಏಂ ಜರುಗುತುಂದೋ ತೆಲೀದಾ?" ಎಂದು ನನ್ನನ್ನೇ ಕೇಳಿದರು. ಪೇಪರಿನವರಲ್ಲವೇ, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲವೇ ಎಂಬ ಮಾತು.

ಈ ಸಲ ಆಕೆಯನ್ನು ಬಸ್ಸಿಗೆ ಹತ್ತಿಸಿ ಕೈಬಿಡಲಿಲ್ಲ, ಗದ್ವಾಲದ ತನಕ ಹೋದೆ. ಕೃಷ್ಣೆ ದಾಟುವಾಗ ಆಕೆ ಅಭ್ಯಾಸದಂತೆ ನದಿಯ ಕಡೆ ಕೈಮುಗಿದಳು, ಆದರೆ ಕೈಮುಗಿದದ್ದು ಸೇತುವೆ ದಾಟಿ ಹೊಲಗಳು ಶುರುವಾದ ಮೇಲೆ.

ಮನೆಯ ಹಿಂದಿನ ಪಡಸಾಲೆಯಲ್ಲಿ ಗ್ಯಾಸಿನ ಚಿಕ್ಕ ಒಲೆಯ ಮೇಲೆ ತಂಬಿಗೆಯೊಂದಿತ್ತು. ಮುಚ್ಚಳ ತೆಗೆದರೆ ಕಪ್ಪಗಿನ ರಸ, ಒಣಶುಂಠಿ, ತುಳಸಿ, ಮೆಣಸು, ಮತ್ತು ನನ್ನ ಮೂಗು ಎಲ್ಲಿದ್ದರೂ ಗುರುತಿಸುವ ಚಹಾಪುಡಿಯ ವಾಸನೆ. ಬೆರಳದ್ದಿ ನೆಕ್ಕಿದೆ. ಪಾಯಸದಷ್ಟು ಸಿಹಿ.

"ಏನಿದು?" ಎಂದು ಅತ್ತೆಯ ಸೊಸೆಯನ್ನು ಕೇಳಿದೆ.

"ಕಷಾಯರೀ" ಅಂದಳು ಆಕೆ, ಅತ್ತೆಯ ಕಡೆ ನೋಡದೆ. "ಹಾಲಿಲ್ಲದ್ದಕ್ಕ ಕಹಿ ಆಗ್ತದಂತ. ಅದಕ್ಕ ಬೆಲ್ಲ ಜಾಸ್ತಿ. ಮುಂಜಾನಿಗೊಂದು ತಂಬಿಗಿ, ಸಂಜಿಗೊಂದು. ನಾ ಹೇಳಿದ್ರ, ನೀ ನಿನ್ನೆ ಮೊನ್ನೆ ಬಂದಾಕಿ ಅಂತಾರ. ನಾ ಬಂದು ಇಪ್ಪತ್ತು ವರ್ಷಾತು."

ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು.

"ಅತ್ಯಾ, ಇದರಾಗ ಚಾಪುಡಿ ಅದ."

"ಅದ."

"ಬೆಲ್ಲ ಅದ."

"ಅದ. ಡಾಕ್ಟರಮ್ಮ ಸಕ್ರಿ ಬ್ಯಾಡ ಅಂದಾಳ, ಸಕ್ರಿ ಮುಟ್ಟಿಲ್ಲ. ಸಕ್ರಿ ಫ್ಯಾಕ್ಟರಿದು. ಬೆಲ್ಲ ದೇವರಿಗೆ ನೈವೇದ್ಯಕ್ಕ ನಡೀತದ. ದೇವರಿಗೆ ನಡಿಯೋದು ಕಣ್ಣಿಗೆ ನಡ್ಯಂಗಿಲ್ಲೇನು?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆಕೆಗಿಂತ ನನ್ನ ಮೇಲೆ ಹೆಚ್ಚು ಸಿಟ್ಟು ಬಂತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ಒಂದು ಸಾಲೂ ಕಳಿಸಬಾರದು ಎಂದು ಹೊಸಬರಿಗೆ ಹೇಳಿಕೊಡುವವನು ನಾನು. ಒಂದು ತಿಂಗಳು ದಿನಾ ಫೋನು ಮಾಡಿ, ಸೊಸೆಯ ಕೈಗೆ ಕೊಡು ಎಂದು ಒಮ್ಮೆಯೂ ಅಂದಿರಲಿಲ್ಲ.

ದನಿ ಏರಿಸಿ ಹೇಳಿದೆ. ಕಣ್ಣು ಹೋದರೆ ಪಂಚಾಂಗ ಓದುವವರಾರು, ಒಲೆಯ ಹತ್ತಿರ ಬಿಡುವವರಾರು, ಹೀಗೆಲ್ಲ. ಆಕೆ ಪೂರ್ತಿ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು:

"ಹುಟ್ಟಿದಾಗಿಂದ ಬಿಡೋದೇ ಆತು. ಉಳ್ಳಾಗಡ್ಡಿ ಬಿಡು, ಏಕಾದಶಿ ದಿನ ಅನ್ನ ಬಿಡು, ಈ ತಿಂಗಳ ಇದು ಬಿಡು, ಮುಂದಿನ ತಿಂಗಳ ಅದು ಬಿಡು. ಬೇಜಾರಿಲ್ಲ, ಬಿಟ್ಟೀನಿ. ನಂದು ಅಂತ ಇಟ್ಕೊಂಡದ್ದು ಇದೊಂದ."

ನಾನು ತಂಬಿಗೆಗೆ ಮತ್ತೆ ಮುಚ್ಚಳ ಹಾಕಿದೆ. ತಂಬಿಗೆ ಇನ್ನೂ ಬೆಚ್ಚಗಿತ್ತು. ಸೊಸೆ ಒಳಗಿನಿಂದಲೇ, ಪಾತ್ರೆ ತಿಕ್ಕುತ್ತಾ, ನನಗೆ ಹೇಳಿದಳು: "ನೀವೂ ಸುಮ್ನ ಒದರ್ತೀರಿ. ಡಾಕ್ಟರು ಹೇಳಿದ್ದಕ್ಕ ಅವರು ಯಾವಾಗ ಏನು ಬಿಟ್ಟಾರ? ಸಂಕಲ್ಪ ಮಾಡಿದ್ದು ಮಾತ್ರ ಬಿಡ್ತಾರ. ಸಂಕಲ್ಪ ಮಾಡಸ್ರಿ."

ಇಪ್ಪತ್ತು ವರ್ಷ ಆ ಮನೆಯಲ್ಲಿದ್ದವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹಾಲಿಲ್ಲದ ತಿಂಗಳಲ್ಲಿ ಯಾರೂ ಕಾವಲಿಲ್ಲದೆ ಆಕೆ ಒಂದು ಹನಿ ಹಾಲು ಮುಟ್ಟುವುದಿಲ್ಲ, ಏಕೆಂದರೆ ಕೈಯಲ್ಲಿ ನೀರು ಹಿಡಿದು ಬಿಡುತ್ತೇನೆಂದು ಹೇಳಿರುತ್ತಾಳೆ. ಡಾಕ್ಟರ ಮುಂದೆ ಹಾಗೆ ಹೇಳಿಸಿರಲಿಲ್ಲ, ತಲೆಯಾಡಿಸಿದ್ದನ್ನೇ ಒಪ್ಪಿಗೆ ಅಂದುಕೊಂಡಿದ್ದೆವು.

ಸಿಹಿ ಬಿಡುವ ಸಂಕಲ್ಪ ಮಾಡು ಎಂದು ಅತ್ತೆಗೆ ಹೇಳಿದೆ. "ಎಷ್ಟು ದಿನಕ್ಕ?" ಎಂದು ಕೇಳಿದಳು.

"ಆಪರೇಷನ್ ಆಗೋತನಕ."

"ಬೆಲ್ಲಾನೂ?"

"ಬೆಲ್ಲ, ಸಕ್ರಿ, ಜೇನುತುಪ್ಪ, ಕಲ್ಲುಸಕ್ರಿ, ಖರ್ಜೂರ, ಪ್ರಸಾದದ ಲಾಡು." ಈ ಸಲ ನಾನು ಯಾವ ಸಂದಿಯನ್ನೂ ಬಿಡಲಿಲ್ಲ.

"ಚಾ?"

"ಚಾ ಕುಡಿ. ಸಪ್ಪನ್ನ ಕುಡಿ."

ದಸರೆ ಕಳೆದು ಏಕಾದಶಿಯ ಮರುದಿನ ಹಾಲಿನ ವ್ರತ ಮುಗಿಯಿತು. ಆ ದ್ವಾದಶಿಯ ಬೆಳಿಗ್ಗೆ ಸಿಹಿ ಬಿಡುವ ಸಂಕಲ್ಪ ಮಾಡಿದಳು, ಸೊಸೆ ಎದುರಿಗೆ ಕೂತು ಕೇಳಿಸಿಕೊಂಡಳಂತೆ. ಪಾರಣೆಯ ಊಟವಾದ ಮೇಲೆ ತಿಂಗಳ ನಂತರದ ಮೊದಲ ಹಾಲಿನ ಚಹಾ, ಸಕ್ಕರೆ ಇಲ್ಲದ್ದು. ಹೇಗಿತ್ತು ಎಂದು ಫೋನಿನಲ್ಲಿ ಕೇಳಿದೆ. "ಹಾಲಿಗೇ ಒಂದು ಸಿಹಿ ಇರ್ತದಲ್ಲೋ, ಇಷ್ಟು ವರ್ಷ ಗೊತ್ತಾಗಿರಲಿಲ್ಲ" ಅಂದಳು. ಸುಳ್ಳೋ ನಿಜವೋ ಎಂದು ಸೊಸೆಯ ಕೈಗೆ ಫೋನು ಕೊಡಿಸಿ ಕೇಳಿದೆ. "ಮಾರಿ ಸೊಟ್ಟ ಮಾಡ್ಕೊಂಡು ಎರಡು ಬಸಿ ಕುಡಿದ್ರು" ಎಂದಳು. ಎರಡೂ ನಿಜವಿರಬೇಕು.

ಚಾತುರ್ಮಾಸ್ಯ ಮುಗಿದ ಮೇಲೆ ನಾಲ್ಕನೆಯ ಸಲ ಹೋಗುವಾಗ ಮಕ್ತಲ್‌ನ ಬೆಂಚಿನ ಮೇಲೆ ಅತ್ತೆ ಕೂತಳು, ಆದರೆ ಏನೂ ಕುಡಿಯಲಿಲ್ಲ. ಅಂಗಡಿಯ ಅಕ್ಕನಿಗೆ ಇದು ಅವಮಾನ. "ಏನ್ರೀ ಟೀಚರಮ್ಮ, ನನ್ನ ಚಾ ಕೆಟ್ಟೈತೇನ್ರೀ?" ಎಂದಳು.

"ಸಂಕಲ್ಪ ಅದವ್ವಾ" ಎಂದಳು ಅತ್ತೆ. ಆ ಮಾತಿಗೆ ಎದುರಾಡದೆ ಅಂಗಡಿಯಾಕೆ ಒಂದು ಲೋಟ ನೀರು ತಂದಿಟ್ಟಳು. ನಾನು ಸಕ್ಕರೆ ಬೇಡವೆಂದು ಎರಡು ಸಲ ಬೇಡಿಕೊಂಡು ಬೈಸಿಕೊಂಡಿದ್ದ ಅಂಗಡಿ ಅದೇ.

ಚೀಟಿಯಲ್ಲಿ ಸಕ್ಕರೆ ಇನ್ನೂರರೊಳಗಿತ್ತು. ಮರುದಿನ ಪೊರೆ ತೆಗೆದರು. ಗಟ್ಟಿಯಾಗಿತ್ತು, ಹೆಚ್ಚು ಹೊತ್ತು ಹಿಡಿಯಿತು, ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ತಾನು ಒಪ್ಪುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಬಲಗಣ್ಣಿನಲ್ಲೂ ಪೊರೆ ಇದೆ, ಎರಡು ತಿಂಗಳು ಬಿಟ್ಟು ಅದನ್ನೂ ತೆಗೆಯೋಣ ಎಂದರು.

ಪಟ್ಟಿ ಬಿಚ್ಚಿದ ದಿನ ಅತ್ತೆ ನಾರಾಯಣಪೇಟೆಯ ನನ್ನ ಮನೆಯಲ್ಲಿದ್ದಳು. ಕಿಟಕಿಯ ಸರಳು ಎಣಿಸಿದಳು, ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಓದಿದಳು, ನನ್ನ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ವಿಚಾರಿಸಿದಳು. ನಾನು ಸಂಭ್ರಮದಿಂದ ಚಹಾ ಮಾಡಿದೆ. ಆಕೆಯಿಂದ ಕಲಿತ ಹಾಗೆಯೇ: ಮೂರು ಸಲ ಉಕ್ಕಿಸಿ, ಮೂರು ಸಲ ಇಳಿಸಿ. ಸಕ್ಕರೆ ಹಾಕದೆ ಬಸಿಯಲ್ಲಿ ಮುಂದಿಟ್ಟೆ.

ಆಕೆ ಬಗ್ಗಿ ಬಸಿಯನ್ನು ನೋಡಿದಳು. ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದೇನಿದು?"

"ಚಾ."

"ಇಷ್ಟು ಬೆಳ್ಳಗದ! ಚಾದ ಬಣ್ಣ ಇದೇನೋ? ನಿನ್ನ ಮನಿಗೆ ಬಂದಾಗೆಲ್ಲ ಇದನ್ನ ಕುಡಿಸಿದಿಯೇನು ನನಗ?"

ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ ಕಂದಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ವಿವರಿಸಲು ಹೋದೆ. ಆಕೆ ಕೇಳುತ್ತಿರಲಿಲ್ಲ. ಕೈಯಿಂದ ಎಡಗಣ್ಣು ಮರೆಮಾಡಿ ಬಲಗಣ್ಣಿನಿಂದ ಬಸಿಯನ್ನು ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ. ಮತ್ತೆ ಬಲ.

"ಈ ಬಲಗಣ್ಣು ಇರ್ಲಿ ಬಿಡು, ತೆಗೆಸೋದು ಬ್ಯಾಡ" ಅಂದಳು. "ಇದರಾಗ ನಿನ್ನ ಚಾ ಛಲೋ ಕಾಣ್ತದ."

ನಾನು ಬಸಿ ತೆಗೆದುಕೊಂಡು ಹೋಗಿ ಪಾತ್ರೆಗೆ ಸುರಿದು, ಇನ್ನೊಂದು ಚಮಚ ಪುಡಿ ಹಾಕಿ, ಒಲೆ ಹಚ್ಚಿದೆ.

"ಸಂಕಲ್ಪ ಆಪರೇಷನ್ ಆಗೋತನಕ ಇತ್ತಲ್ಲೋ?" ಎಂದು ಹೊರಗಿನಿಂದ ಕೇಳಿದಳು.

ಕೇಳಿಸಲಿಲ್ಲ ಎಂಬಂತೆ ಸಕ್ಕರೆ ಡಬ್ಬಿಯನ್ನು ಮೇಲಿನ ಗೂಡಿನಲ್ಲಿಟ್ಟೆ.

"ಎಲ್ಲಿಟ್ಟಿ ಅಂತ ಕಾಣ್ತದಪ್ಪಾ" ಎಂದಳು.