ತಾನಾಗಿಯೇ ಓಡುತ್ತಿದ್ದ ಕಾರು

ಕೊಯಮತ್ತೂರು ಸೀಮೆಯ ಕುನ್ನತ್ತೂರಿನ ಸತ್ಯಾಳಿಗೆ ತನ್ನ ಮೇಲಿದ್ದ ನಂಬಿಕೆ ಊರಿಗೆಲ್ಲ ಹಂಚಿದರೂ ಮಿಗುವಷ್ಟು. ಕನ್ನಡ ಮಾತಿನ ನೇಕಾರರ ಮನೆಯ ಮಗಳು ಮಗ್ಗ ಬಿಟ್ಟು ಹೆಂಗಸರಿಗೆ ಕಾರು ಕಲಿಸಹೊರಟಾಗ ನಕ್ಕವರೇ ಈಗ ಸೊಸೆಯರನ್ನು ಅವಳ ಬಳಿಗೆ ಕಳಿಸುತ್ತಿದ್ದರು. ಮನೆಯ ಹೊರಗೋಡೆಯ ಮೇಲೆ ತಮಿಳಿನಲ್ಲಿ ದಪ್ಪಕ್ಷರದ ಬರಹವಿತ್ತು: ‘ಇಲ್ಲಿ ಕಲಿತವರ ಗಾಡಿ ನಡುದಾರಿಯಲ್ಲಿ ನಿಲ್ಲದು.’ ಅದು ಬರೀ ಜಂಬವಲ್ಲ. ಕ್ಲಚ್ ಬಿಡುವಾಗ ಇಂಜಿನ್ ಆರಿಸಿಕೊಂಡ ಶಿಷ್ಯೆಯನ್ನು ಅವಳು ಕಂಡು ಬಹಳ ಕಾಲವಾಗಿತ್ತು.

ಕಾರು ಹಳೆಯದು. ಫ್ಯೂಯೆಲ್ ಇಂಜೆಕ್ಷನ್ ಹೊಸದಾಗಿ ಬಂದ ಕಾಲದ ಬಿಳಿ ಕಾರು. ಈಚೆಗೆ ಅದಕ್ಕೆ ಒಂದು ರೋಗ ಹತ್ತಿತ್ತು. ಆಕ್ಸಿಲರೇಟರ್ ಮುಟ್ಟದೆ ಸುಮ್ಮನೆ ನಿಂತಿದ್ದರೂ ಇಂಜಿನ್ ಅರಚುತ್ತಿತ್ತು; ಗೇರು ಹಾಕಿ ಕಾಲೆತ್ತಿದರೆ ಹಗ್ಗ ಕಿತ್ತ ಕರುವಿನಂತೆ ಮುಂದಕ್ಕೆ ನುಗ್ಗುತ್ತಿತ್ತು.

ಇದೇ ಹೊತ್ತಿಗೆ ಕುಪ್ಪಮ್ಮನ ಲೈಸೆನ್ಸ್ ಪರೀಕ್ಷೆ ಬಂದಿತು. ಕುಪ್ಪಮ್ಮ ಪಕ್ಕದ ಬೀದಿಯ ನೇಕಾರ್ತಿ, ಪ್ರಾಯ ಐವತ್ತರ ಹತ್ತಿರ. ನೇಯ್ದ ಸೀರೆಗಳನ್ನು ಕೊಯಮತ್ತೂರಿಗೆ ಒಯ್ಯುವ ವ್ಯಾನನ್ನು ಅವಳ ಗಂಡನೇ ಓಡಿಸುತ್ತಿದ್ದ. ಈಗ ಅವನ ಕಣ್ಣು ಮಂಜಾಗಿತ್ತು. ಈ ಸಲ ಹೆಂಡತಿ ಪಾಸಾಗದಿದ್ದರೆ ವ್ಯಾನ್ ಮಾರಿಬಿಡುವುದಾಗಿ ಅವನು ಹೇಳಿಬಿಟ್ಟಿದ್ದ.

“ಏನ್ ಸತ್ಯಾ, ವಂಡಿ ಹಿಂಗ್ ಬೊಬ್ಬೆ ಹೊಡಿತೈತೆ? ನಾಳೆ ಆಫೀಸರ್ ಮೇಲೇ ಏರಿಸ್ಬಿಟ್ಟೇನು,” ಎಂದಳು ಕುಪ್ಪಮ್ಮ.

“ಸುಮ್ನಿರು ಅಕ್ಕಾ. ಮಧ್ಯಾಹ್ನದೊಳ್ಗೆ ಸರಿ ಮಾಡ್ತೀನಿ.”

ಮೆಕಾನಿಕ್ ಸೆಲ್ವಕುಮಾರ್ ಬಂದು ನೋಡಿ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಳಿಯ ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಸಾಕೆಂದ. ಸತ್ಯಾ ಒಪ್ಪಲಿಲ್ಲ. ತಿರುಪು ಇದ್ದಲ್ಲೇ ಇದೆ, ಅದು ತಾನಾಗಿ ತಿರುಗಿಕೊಳ್ಳಲಿಲ್ಲ. ಜ್ವರ ಬಂದರೆ ಥರ್ಮಾಮೀಟರ್ ಒಡೆಯುತ್ತಾರೆಯೇ ಎಂಬುದು ಅವಳ ವಾದ. ಅವನಿಗೂ ಅದು ಸರಿಯೆನ್ನಿಸಿತು. ಇಬ್ಬರೂ ಬಾನೆಟ್ ಕೆಳಗೆ ತಲೆ ಹಾಕಿದರು. ಆಕ್ಸಿಲರೇಟರ್ ಕೇಬಲ್ ಎಲ್ಲಿಯೂ ಬಿಗಿದಿರಲಿಲ್ಲ. ಥ್ರಾಟಲ್ ಒಳಗಿನ ಮಸಿ ತೊಳೆದರೂ ಅರಚಾಟ ಇಳಿಯಲಿಲ್ಲ. ಹಾಗಾದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಕ್ಕೆ ನುಗ್ಗುತ್ತಿದೆ, ಗಾಳಿ ಹೆಚ್ಚಿತೆಂದು ಕಾರು ಪೆಟ್ರೋಲನ್ನೂ ಹೆಚ್ಚು ಸುರಿದುಕೊಳ್ಳುತ್ತಿದೆ ಎಂದಳು ಸತ್ಯಾ.

ಇಸ್ತ್ರಿ ಮೇಜಿನ ಮೇಲಿದ್ದ ನೀರು ಚಿಮುಕಿಸುವ ಬಾಟಲಿ ತಂದು, ರಬ್ಬರ್ ನಳಿಕೆಗಳ ಮೇಲೆ ಒಂದೊಂದಾಗಿ ಸಿಂಪಡಿಸುತ್ತ ಕಿವಿಗೊಟ್ಟಳು. ಹಿಂಬದಿಯ ಒಂದು ತಿರುವಿಗೆ ನೀರು ಬಿದ್ದದ್ದೇ ತಡ, ಗಾಳಿ ನುಗ್ಗುವ ಸಂದು ಮುಚ್ಚಿಕೊಂಡು ಇಂಜಿನ್ನಿನ ದನಿ ಕ್ಷಣ ತಗ್ಗಿ ಮತ್ತೆ ಏರಿತು.

ಅಲ್ಲಿ ಹತ್ತಿಯ ನೂಲು ಸುತ್ತಿತ್ತು. ಸಾಲು ತಪ್ಪದೆ, ಗಂಟು ಕಾಣದ ಹಾಗೆ, ಮೇಲೆ ಅಂಟು ಬಳಿದ ಸುತ್ತು. ಅದು ತನ್ನ ಅಪ್ಪ ಅಂಗಪ್ಪನ ಕೈಯೆಂದು ಸತ್ಯಾಳಿಗೆ ನೋಡಿದೊಡನೆ ಗೊತ್ತಾಯಿತು. ಹರಿದದ್ದು ಕಂಡರೆ ಕಟ್ಟದೆ ಬಿಡುವವನಲ್ಲ ಅವನು.

ಜಗಲಿಯ ಮೇಲಿದ್ದ ಅಂಗಪ್ಪ ಹೆಮ್ಮೆಯಿಂದಲೇ ಹೇಳಿದ: “ಹ್ಞೂಂ, ನಾನೇ. ಹೋದ್ ದೀವಳಿಗೆ ಮುಂದೆ ಪೈಪ್ ಬಿರ್ಕ್ ಬಿಟ್ಟಿತ್ತು. ಎಷ್ಟ್ ದಿನ ತಡೀತು ನೋಡು.”

ನೂಲು ನೀರನ್ನಾದರೂ ತಡೆದೀತು, ಗಾಳಿಯನ್ನಲ್ಲ. ಸತ್ಯಾ ಹೊಸ ನಳಿಕೆ ಹಾಕಿದಳು. ಇಂಜಿನ್ ಹೊಟ್ಟೆ ತುಂಬಿದ ಮಗುವಿನಂತೆ ಸುಮ್ಮನಾಯಿತು. ಅವಳು ಇಲ್ಲದ ಮೀಸೆ ತಿರುವಿದಳು.

ಆಮೇಲೆ ಕುಪ್ಪಮ್ಮ ಓಡಿಸಲು ಕೂತಳು. ಕ್ಲಚ್ ಬಿಟ್ಟಳು, ಇಂಜಿನ್ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು.

“ನೀನ್ ವಂಡಿ ಕೆಡಿಸ್ಬಿಟ್ಟೆ. ಆ ನೂಲೇ ಸುತ್ತು ತಾಯಿ, ಪರೀಕ್ಷೆ ಮುಗಿಯೋ ತನ್ಕ,” ಎಂದಳು ಕುಪ್ಪಮ್ಮ, ಅಳು ಬಂದ ದನಿಯಲ್ಲಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಸತ್ಯಾಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಕುಣಿಯಲು ಕಲಿಸಿದವರು ಯಾರು? ಹೋದ ದೀಪಾವಳಿಯಿಂದ ಕಾರು ತಾನಾಗಿಯೇ ಹೆಚ್ಚು ಉಸಿರೆಳೆದುಕೊಂಡು ಓಡುತ್ತಿತ್ತು; ಈಚೆಗೆ ಅದು ಅರಚುವಷ್ಟು ಹೆಚ್ಚಿತ್ತು, ಅಷ್ಟೆ. ಒಬ್ಬಳ ಕಾಲಿಗೂ ಕೆಲಸವೇ ಬಿದ್ದಿರಲಿಲ್ಲ. ಗೋಡೆಯ ಮೇಲಿನ ಕೀರ್ತಿಯೆಲ್ಲ ಬಿರುಕು ಬಿಟ್ಟ ನಳಿಕೆಯದು. ಸತ್ಯಾಳಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೆ ನಾಚುತ್ತ ಕೂರಲು ಪುರುಸೊತ್ತಿರಲಿಲ್ಲ.

“ನೂಲು ಸುತ್ತಲ್ಲ ಅಕ್ಕಾ. ನಿನ್ ವ್ಯಾನ್‌ಗೆ ಯಾರ್ ಸುತ್ತಾರು? ಚಪ್ಪಲಿ ಬಿಚ್ಚು. ಮಗ್ಗದ್ ಮೆಟ್ಟು ಹೆಂಗ್ ತುಳಿತೀಯ? ಒಂದ್ ಕಾಲ್ ಬಿಡೋವಾಗ ಇನ್ನೊಂದ್ ಕಾಲ್ ಒತ್ತಲ್ವಾ? ಇದೂ ಅಂಗೇ.”

ಅಂದು ಸಂಜೆವರೆಗೆ ಕಾರು ಎಷ್ಟು ಸಲ ಆರಿತೋ ಕುಪ್ಪಮ್ಮನೇ ಲೆಕ್ಕ ಬಿಟ್ಟಳು. ಆರುವುದು ಕಡಿಮೆಯಾಯಿತು, ಆರಿದರೆ ಬೆದರುವುದು ಪೂರ್ತಿ ನಿಂತಿತು.

ಮರುದಿನ ಪರೀಕ್ಷೆಯ ದಿಬ್ಬದ ನಡುವೆ, ಬೇಲಿಯಾಚೆ ನಿಂತ ಸತ್ಯಾಳ ಕಣ್ಣೆದುರಿಗೇ, ಇಂಜಿನ್ ಆರಿತು. ಸತ್ಯಾ ಬೇಲಿಯ ಕಂಬಿ ಹಿಡಿದುಕೊಂಡಳು. ಕುಪ್ಪಮ್ಮ ಹ್ಯಾಂಡ್‌ಬ್ರೇಕ್ ಎಳೆದಳು, ಕೀಲಿ ತಿರುಗಿಸಿದಳು, ಒಂದಂಗುಲವೂ ಹಿಂದೆ ಜಾರದೆ ದಿಬ್ಬ ಏರಿದಳು.

“ನಿಂತುಹೋಯಿತಲ್ಲಮ್ಮಾ?” ಎಂದರು ಆಫೀಸರ್, ತಮಿಳಿನಲ್ಲಿ.

“ನಿಲ್ಲತ್ತೆ ಸಾರ್,” ಎಂದಳು ಕುಪ್ಪಮ್ಮ. “ಹೊರಡ್ಸೋಕೆ ನಾನಿದೀನಲ್ಲ.”

ಅವರು ನಕ್ಕು ಪಾಸು ಮಾಡಿದರು. ಮನೆಗೆ ಬರುವಾಗ ಕಾರನ್ನು ಕುಪ್ಪಮ್ಮನೇ ಓಡಿಸಿದಳು. ಪಕ್ಕದಲ್ಲಿ ಕೂತ ಸತ್ಯಾ ಹಿಂದಿನ ಶಿಷ್ಯೆಯರಿಗೆಲ್ಲ ಫೋನ್ ಹಚ್ಚಲು ಶುರುಮಾಡಿದಳು. “ಗೋಕಿಲಾ, ನಾಳೆ ಬಾ. ನಿಂಗೊಂದ್ ಪಾಠ ಬಾಕಿ ಐತೆ.”

ಕಾರು ಸತ್ಯಾಳ ಮನೆಯ ಮುಂದೆ ನಿಂತಿತು. ಕುಪ್ಪಮ್ಮ ಗೋಡೆಯ ದಪ್ಪಕ್ಷರಗಳನ್ನು ನಿಧಾನವಾಗಿ ಓದಿ ಮುಗಿಸಿದಳು.

“ಫೋನ್ ಆಮೇಲ್ ಮಾಡು ತಾಯಿ. ಮೊದ್ಲು ಇದ್ಕೆ ಸುಣ್ಣ ಬಳಿ.”