ಮಾನೇಸರದ ಹದಿನಾಲ್ಕು ಸೊನ್ನೆಗಳು

ಎಪ್ಪತ್ತರ ದಶಕದ ಒಂದು ಮೇ ತಿಂಗಳ ಭಾನುವಾರ, ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸ್‌ನಿಂದ ನಾನೂ ಶಾರದಕ್ಕನೂ ಬೆಳಿಗ್ಗೆ ಆರಕ್ಕೇ ಹೊರಟೆವು. ಅಕ್ಕ ಕಣ್ಣಿನ ಡಾಕ್ಟರ್. ನೆರೆಯ ಪುಟ್ಟ ಗುಡ್ಡಗಾಡು ದೇಶವೊಂದರಲ್ಲಿ ಫಂಗಸ್ ಸೋಂಕಿನಿಂದ ಎಷ್ಟು ಜನ ಕಣ್ಣು ಕಳೆದುಕೊಳ್ಳುತ್ತಾರೆಂದು ಅಂದಾಜು ಮಾಡಿಕೊಡುವ ಕೆಲಸ ಅವಳಿಗೆ ಬಂದಿತ್ತು. ಅದಕ್ಕೆ ಮೊದಲು ಪ್ರಶ್ನೆಗಳನ್ನು ಹತ್ತಿರದ ಹಳ್ಳಿಯಲ್ಲಿ ಕೇಳಿ ನೋಡುವ ರಿಹರ್ಸಲ್ ಇದು. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿಸಿದ ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆಯೆಂದು ಬರೆಯುವ ಕೆಲಸ ನನ್ನದು.

ಧೌಲಾ ಕುವಾಂನಲ್ಲಿ ಜೈಪುರ ರಸ್ತೆಯ ಬಸ್ಸು ಹತ್ತಿದೆವು. ಟಿಕೆಟ್ ಒಂದೂವರೆ ರೂಪಾಯಿ. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ನಾವಿಳಿದ ಹರಿಯಾಣದ ಮಾನೇಸರ್ ಆಗ ಫ್ಯಾಕ್ಟರಿಗಳಿಲ್ಲದ ಹಳ್ಳಿ. ಗೋಧಿ ಒಕ್ಕಣೆಯ ಕಾಲ, ಬಿಸಿಗಾಳಿಯ ತುಂಬ ಹೊಟ್ಟು.

ಡಿಕ್ಷನರಿ ನೋಡಿ ಫಂಗಸ್‌ಗೆ ‘ಫಫೂಂದ್’ ಎಂದು ಹಿಂದಿ ಮಾಡಿದವಳು ನಾನೇ. ಅಲ್ಲಿಯವರಿಗೆ ಅದು ಕೆಟ್ಟ ಉಪ್ಪಿನಕಾಯಿಯ ಮೇಲೆ ಹಿಡಿಯುವ ಬೂಷ್ಟು! ಮೊದಲ ಮನೆಯಾಕೆ, “ಮ್ಹಾರೇ ಘರ್ ಮೇಂ ಫಫೂಂದ್?” ನಮ್ಮ ಮನೇಲಿ ಬೂಷ್ಟೇ ಎಂದು ಸಿಡುಕಿ, ಭರಣಿಯನ್ನೇ ತಂದು ನನ್ನ ಮೂಗಿಗೆ ಹಿಡಿದಳು. “ಲೇ, ಸೂಂಘ್!” ಮೂಸಿದೆ, ಘಮಘಮ. ಸೊನ್ನೆ ಬರೆದುಕೊಂಡೆ. ಸುದ್ದಿ ನಮಗಿಂತ ಮುಂದೆ ಓಡಿತು. ಬಾಗಿಲು ಬಾಗಿಲಲ್ಲೂ ಭರಣಿ ಹಿಡಿದ ಅತ್ತೆಯಂದಿರು, ಅವರ ಹಿಂದೆ ಮುಸುಕು ಹಾಕಿದ ಸೊಸೆಯಂದಿರು. ಹದಿನಾಲ್ಕು ಮನೆ, ಹದಿನಾಲ್ಕು ಸೊನ್ನೆ.

“ನಾನು ಕಣ್ಣಿನ ಲೆಕ್ಕಕ್ಕೆ ಬಂದೆ, ನೀನು ಉಪ್ಪಿನಕಾಯಿ ಇನ್‌ಸ್ಪೆಕ್ಟರ್ ಆದೆಯಲ್ಲೇ ವತ್ಸೂ,” ಎಂದು ಅಕ್ಕ ನಕ್ಕಳು.

ಹದಿನೈದನೆಯ ಮನೆಯಲ್ಲಿ ನೀರು ಕೇಳಿದೆ. ಅಂಗಳದ ಮಂಚದ ಮೇಲೆ ಮಾವ ಕೂತಿದ್ದರಿಂದ, ಸೊಸೆ ಎದೆಯವರೆಗೆ ಮುಸುಕೆಳೆದುಕೊಂಡೇ ಬಂದಳು. ಬಗ್ಗಿಸಿದ ನೀರು ಲೋಟ ತಪ್ಪಿ ನನ್ನ ಚಪ್ಪಲಿಯ ಮೇಲೆ ಬಿತ್ತು. ನನಗೆ ನಗು ಬಂತು. ಅಕ್ಕ ನಗಲಿಲ್ಲ. “ಚಲೋ ಬೇಟಿ, ಅಂದರ್,” ಎಂದು ಅವಳನ್ನು ಒಳಗೆ ಕರೆದೊಯ್ದು ಮುಸುಕೆತ್ತಿದಳು. ಎಡಗಣ್ಣು ಕೆಂಡದಂತಿತ್ತು, ಕರಿಯ ಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ. ಹೊಟ್ಟು ಬಿದ್ದು ಎಂಟು ದಿನವಾಗಿತ್ತಂತೆ. ಹುಡುಗಿಯ ಹೆಸರು ಬಿಮ್ಲಾ, ಹದಿನೆಂಟೋ ಹತ್ತೊಂಬತ್ತೋ.

“ಘೂಂಘಟ್ ಮೇಂ ಮನ್ನೆ ಕೇ ದೀಖೇ?” ಎಂದಳು ಅತ್ತೆ. ಸೊಸೆಯ ಮುಸುಕಿನೊಳಗೆ ಏನಾಗಿದೆಯೆಂದು ತನಗಾದರೂ ಹೇಗೆ ಕಂಡೀತು ಎಂದು.

ಹೊಟ್ಟಿನಿಂದ ಹತ್ತಿದ ಫಂಗಸ್ಸೇ ಇದು, ಇವತ್ತೇ ದೆಹಲಿಗೆ ಕರೆತರದಿದ್ದರೆ ಕಣ್ಣು ಹೋದಂತೆಯೇ ಎಂದಳು ಅಕ್ಕ. ಒಕ್ಕಣೆ ಮುಗಿಯಲಿ, ನಾಲ್ಕು ದಿನ ಬಿಟ್ಟು ನೋಡೋಣ ಎಂದು ಹೊರಗಿನಿಂದ ಮಾವ ಗೊಣಗಿದ. ಅತ್ತೆ ಆಗಲೇ ಸೊಸೆಯ ಬಟ್ಟೆ ಗಂಟು ಕಟ್ಟುತ್ತಿದ್ದಳು. “ಗೇಹೂಂ ತೂ ಸಂಭಾಲ್!” ಗೋಧಿ ನೀನೇ ನೋಡ್ಕೋ ಎಂದು ಗಂಡನಿಗೆ ಕೂಗಿ, ನಮಗಿಂತ ಮುಂಚೆ ರಸ್ತೆಗಿಳಿದಳು.

ಬಿಮ್ಲಾಳ ಕಣ್ಣು ಉಳಿಯಿತು, ಸ್ವಲ್ಪ ಮಂಜಾಗಿ. ಅದು ಎಷ್ಟೋ ವಾರಗಳ ನಂತರದ ಮಾತು. ಆ ಮಧ್ಯಾಹ್ನ ಬಸ್ಸಿನಲ್ಲಿ ನಾನು ಹೆಮ್ಮೆಯಿಂದ ಹದಿನಾಲ್ಕು ಸೊನ್ನೆಗಳ ಕೆಳಗೆ ಒಂದು ಎಂದು ಬರೆದೆ.

“ಒಂದು ಸರಿ. ಸೊನ್ನೆಗಳನ್ನ ಹೊಡೆದುಹಾಕು,” ಎಂದಳು ಅಕ್ಕ. “ಗೊತ್ತಿಲ್ಲ ಅಂತ ಬರಿ.”

ಬಸ್ಸು ಹೊರಟಾಗ ತಿರುಗಿ ನೋಡಿದೆ. ಆ ಹದಿನಾಲ್ಕು ಮನೆಗಳಲ್ಲೂ ಸೊಸೆಯಂದಿರಿದ್ದರು. ನಾನು ಒಬ್ಬಳ ಮುಖವನ್ನೂ ನೋಡಿರಲಿಲ್ಲ.