ನೀಲವ್ವನ ಮೊದಲ ಪಾವು

ನೀಲವ್ವ ‘ಒಂದು’ ಎಂಬ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ. ಎರಡು ಅನ್ನುತ್ತಿದ್ದಳು, ಮೂರು ಅನ್ನುತ್ತಿದ್ದಳು, ನೂರರ ತನಕ ತಡವರಿಸದೆ ಎಣಿಸುತ್ತಿದ್ದಳು. ಎಣಿಕೆ ಶುರುವಾಗುವಲ್ಲಿ ಮಾತ್ರ ‘ಲಾಭ’. ಕಾಳು ಅಳೆಯುವಾಗ ಮೊದಲ ಅಳತೆಗೆ ಲಾಭ ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ, ನಾನೂ ಅನ್ನುತ್ತೇನೆ. ಆದರೆ ನೀಲವ್ವ ಅದನ್ನು ಕಾಳಿಗೆ ಮಾತ್ರ ಇಟ್ಟುಕೊಂಡಿರಲಿಲ್ಲ. ಒಮ್ಮೆ ಮನೆಮನೆಯ ಲೆಕ್ಕ ಬರೆದುಕೊಳ್ಳಲು ಬಂದ ಮಾಸ್ತರರು, “ಮಕ್ಕಳೆಷ್ಟವಾ ನಿನಗ?” ಎಂದು ಕೇಳಿದರು.

“ಲಾಭ ಅದಾನ್ರಿ,” ಎಂದಳು.

ಮಾಸ್ತರರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ಒಂದು ಬೆರಳು ತೋರಿಸಿದೆ. ಬರೆದುಕೊಂಡು ಹೋದರು.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅಂಗನವಾಡಿಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನೀಲವ್ವ ಅಲ್ಲಿ ಸಹಾಯಕಿ. ಕಸ ಹೊಡೆಯುವುದು, ನೀರು ತುಂಬುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ಅನ್ನ ಸಾರು ಮಾಡಿ ಉಣಿಸುವುದು ಎಲ್ಲ ಅವಳ ಪಾಲಿಗೆ. ಗಿಡ್ಡ ಆಳು. ಕೈಗೆ ಎರಡೆರಡೇ ಹಸಿರು ಬಳೆ. ಬಂದ ಪ್ರತಿ ಮಗುವಿನ ತಲೆಯನ್ನೂ ಮೊದಲು ಮೂಸಿ ನೋಡುತ್ತಿದ್ದಳು. “ಇವತ್ತ ನಿಮ್ಮವ್ವ ಎಣ್ಣಿ ಹಚ್ಚಿಲ್ಲೇನಲೇ? ಲಗೂ ಎದ್ದ ಹೊಲಕ್ಕ ಹೋಗ್ಯಾಳಲಾ,” ಎಂದು ಅಡುಗೆಯ ಎಣ್ಣೆಯಲ್ಲೇ ಬೆರಳು ಅದ್ದಿ ಅದರ ನೆತ್ತಿಗೆ ತಿಕ್ಕುತ್ತಿದ್ದಳು.

ಬೆಳಿಗ್ಗೆ ನಾನು ಪೂಜೆ ಮುಗಿಸಿ ಊದುಬತ್ತಿ ಸಿಕ್ಕಿಸುವ ಹೊತ್ತಿಗೆ ಗೋಡೆಯಾಚೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳುತ್ತಿತ್ತು. ಮಕ್ಕಳೆಲ್ಲ ಅಡುಗೆಮನೆಯ ಬಾಗಿಲಿಗೆ ಓಡಿಬಂದು ಕೂಡ್ರುತ್ತಿದ್ದವು. ನೀಲವ್ವ ಹಿತ್ತಾಳೆ ಪಾವಿನಿಂದ ಅಕ್ಕಿ ಅಳೆದು ತಟ್ಟೆಯಂಥ ಅಗಲ ಪರಾತದಲ್ಲಿ ಸುರಿಯುತ್ತ, “ಲಾಭ,” ಎನ್ನುವಳು. ಮಕ್ಕಳು “ಲಾಭಾ!” ಎಂದು ಕೂಗುವವು. “ಎರಡು.” “ಎರಡೂ!” ಹೀಗೆ ಹತ್ತರ ತನಕ. ಟೀಚರಮ್ಮನಿಗೆ ರಿಜಿಸ್ಟರು ಬರೆದೇ ಪೂರೈಸುತ್ತಿರಲಿಲ್ಲ. ಆ ಮಕ್ಕಳು ಅಂಕಿ ಕಲಿತದ್ದು ಆ ಪರಾತದ ಮುಂದೆಯೇ.

ಯಾಕೆ ಇಷ್ಟು ಗಟ್ಟಿ ಹಿಡಿದಿದ್ದೀ ಎಂದು ಒಮ್ಮೆ ಕೇಳಿದ್ದೆ. ಅವಳದು ಹೊಳೆಮಣ್ಣೂರು. ಮಲಪ್ರಭೆ ಊರೊಳಗೆ ನುಗ್ಗಿದ ವರ್ಷ ಮನೆಯ ಜೋಳವೆಲ್ಲ ನೆಂದು ಮೊಳಕೆ ಒಡೆದಿತ್ತಂತೆ. ಅಟ್ಟದ ಮೇಲಿನ ಗಡಿಗೆಯಲ್ಲಿ ಸ್ವಲ್ಪ ಉಳಿದಿತ್ತು. “ನಮ್ಮತ್ತಿ ಅಳೀಲಿಕ್ಕೆ ಕುಂತ್ಳ್ರೀ ಅಕ್ಕಾರ. ಲಾಭ ಅಂದ್ಳು. ಎರಡು ಅನ್ನಾಕ ಕಾಳ ಇರಲಿಲ್ಲ. ಆ ಲಾಭದ ಮ್ಯಾಲ ನಾವು ಐದ ಮಂದಿ ನಾಕ ದಿನ ಜೀವಾ ಹಿಡದ್ವಿ. ಮೊದಲನೇದು ದೇವರದ್ರಿ. ಅದಕ್ಕ ನಾವು ಲೆಕ್ಕ ಹಚ್ಚಬಾರದು.” ಇಷ್ಟು ಹೇಳಿ ಸೊಪ್ಪು ಸೋಸಲು ಕುಳಿತಳು. ಅತ್ತದ್ದು ಕರೆದದ್ದು ಏನೂ ಇಲ್ಲ.

ನನ್ನ ಮಗಳು ಸವಿತಾ ಆಗ ರೋಣದಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿ ಓದುತ್ತಿದ್ದಳು, ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಕೊನೆಯ ಪರೀಕ್ಷೆಗೆ ಮೊದಲು ಒಬ್ಬೊಬ್ಬರೂ ಸಣ್ಣ ಮಕ್ಕಳಿಗಾಗಿ ಒಂದು ಹಾಡಿನ ವಿಡಿಯೋ ಮಾಡಿಕೊಡಬೇಕಿತ್ತು. ಮಾಡದಿದ್ದರೆ ಪಾಸಿಲ್ಲ. ಅವಳು ನಾಲ್ಕು ದಿನ ತಲೆ ಕೆರೆದುಕೊಂಡಳು. ಕಡೆಗೆ ಒಂದು ಬೆಳಿಗ್ಗೆ ಗೋಡೆಯಾಚೆಯ ಎಣಿಕೆ ಕೇಳಿ, “ಅವ್ವಾ, ಇದ ನನ್ನ ವಿಡಿಯೋ,” ಎಂದು ಎದ್ದಳು. ನೀಲವ್ವ ಅಳೆಯುವುದು, ಮಕ್ಕಳು ಕೂಗುವುದು, ಪ್ರತಿ ಪಾವಿಗೂ ಒಂದು ಹಕ್ಕಿಯೋ ಅಳಿಲೋ ಕಾಳು ತಿನ್ನಲು ಬರುವುದು, ಅದರ ಮೇಲೆ ಎರಡು ಸಾಲು ಹಾಡು. ಹಾಡು ಅವಳೇ ಕಟ್ಟಿದಳು. ನನ್ನ ಭಜನೆಯ ತಾಳ ನಾನೇ ಹಾಕಿದೆ.

ತೊಂದರೆ ಬಂದದ್ದು ಎದುರುಮನೆಯ ಬಸಪ್ಪನ ಮಗ್ಗದಿಂದ. ಅದರ ಲಟಪಟ ಹಾಡಿನೊಳಗೆ ಬಂದು ಕೂಡ್ರುತ್ತಿತ್ತು. ನೀಲವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ ಅವನ ಬಾಗಿಲಲ್ಲಿ ನಿಂತಳು.

“ಬಸಪ್ಪಾ, ನಿನ್ನ ಮಗ್ಗ ಹತ್ತ ನಿಮಿಷ ಸುಮ್ಮ ಕೂಡ್ರಸಪಾ.”

“ಹತ್ತ ನಿಮಿಷಕ್ಕ ಎಷ್ಟ ನೇಯಿಗಿ ಹೋಕ್ಕೈತಿ ಗೊತ್ತೇನ ನಿನಗ?”

“ನಿನ್ನ ಮೊಮ್ಮಗಳು ಮುಂದಿನ ಸಾಲಿನ್ಯಾಗ ಕುಂತಾಳ. ಆಕೀ ದನಿ ಕೇಳಬೇಕೋ, ನಿನ್ನ ಮಗ್ಗದ ದನಿ ಕೇಳಬೇಕೋ? ನೀನ ಹೇಳು.”

ಬಸಪ್ಪ ಮಗ್ಗದಿಂದ ಇಳಿದು ತಾನೂ ನೋಡಲು ಬಂದ. ಅಂದು ಸಂಜೆ ದೀಪ ಹಚ್ಚಿ ದಿನದ ಒಳ್ಳೆಯದನ್ನು ನೆನೆಯುವಾಗ ನನಗೆ ಸಿಕ್ಕದ್ದು ಮೂರು. ಮಗ್ಗ ನಿಂತಿತು, ಕರೆಂಟು ಹೋಗಲಿಲ್ಲ, ಒಂದು ಮಗುವೂ ಅಳಲಿಲ್ಲ.

ವಿಡಿಯೋವನ್ನು ನಾವು ಓಣಿಯವರೆಲ್ಲ ಸೇರಿ ಹತ್ತು ಸಲ ನೋಡಿದೆವು. ಬಸಪ್ಪ ನೋಡಿದ, ಟೀಚರಮ್ಮ ನೋಡಿದಳು, ಭಜನೆಯ ಹೆಣ್ಣುಮಕ್ಕಳು ನೋಡಿದರು. ಎಲ್ಲರೂ ಚಲೋ ಆಗೇತಿ ಎಂದರು. ಸವಿತಾ ಕಳಿಸಿದಳು. ಮರುದಿನ ಸಂಜೆಗೆ ವಾಪಸು ಬಂತು. ಅವಳ ಮೇಡಮ್ಮನವರು ಬೇರೆ ಸೀಮೆಯವರು. ‘ಮಕ್ಕಳಿಗೆ ಮೊದಲ ಅಂಕಿಯೇ ತಪ್ಪು ಹೇಳಿಕೊಟ್ಟಿದ್ದೀಯ. ಶನಿವಾರದೊಳಗೆ ಸರಿಮಾಡಿ ಕಳಿಸು,’ ಎಂದು ಬರೆದಿದ್ದರು.

ಆಗ ನಮಗೆ ಹೊಳೆಯಿತು. ಅಷ್ಟು ಮಂದಿ ಅಷ್ಟು ಸಲ ನೋಡಿದರೂ ‘ಲಾಭ’ ಎಂಬುದು ಯಾರ ಕಿವಿಗೂ ತಾಕಿರಲಿಲ್ಲ. ನಮಗೆ ಅದೇ ಒಂದನೆಯದು. ವಿಡಿಯೋದಲ್ಲಿ ಎರಡರಿಂದ ಅಂಕಿ ಬರೆದು ತೋರಿಸಿದ್ದ ಸವಿತಾ ಮೊದಲಿಗೆ ಮಾತ್ರ ಗುಬ್ಬಿಯ ಚಿತ್ರವನ್ನಷ್ಟೇ ಹಾಕಿದ್ದಳು, ಅದೂ ಅವಳಿಗೆ ಗೊತ್ತಾಗಿರಲಿಲ್ಲ.

ಗುರುವಾರ ಅವಳೇ ಮುಂದೆ ನಿಂತು ‘ಒಂದು’ ಎಂದು ಹೇಳಿಕೊಟ್ಟಳು. ಮಕ್ಕಳು ‘ಲಾಭಾ!’ ಎಂದವು. ಟೀಚರಮ್ಮ ಹೇಳಿಕೊಟ್ಟಳು. ‘ಲಾಭಾ!’ ಪರಾತ ಕಂಡರೆ ಆ ಮಕ್ಕಳಿಗೆ ಬೇರೆ ಮಾತು ಹೊರಡದು. ಸಿಟ್ಟಿಗೆ ಸವಿತಾ ಆ ಮೊದಲಿನ ವಿಡಿಯೋ ಅಳಿಸಿಹಾಕಿ, ನೀಲವ್ವನ ಮೇಲೆ ಹರಿಹಾಯ್ದಳು. “ಆಯಿ, ನಿನ್ನ ಲಾಭದಿಂದ ನನಗ ಲುಕ್ಸಾನಾತು! ನಾ ನಪಾಸಾದ್ರ ನೀ ಹೊಣಿ.”

ನೀಲವ್ವ ಪಾವನ್ನು ಬೋರಲು ಹಾಕಿದಳು.

ಮಕ್ಕಳು ಯಾರ ಮಾತು ಕೇಳುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದವಳು ನಾನು. “ಒಂದ ಸಲ ಅಂದಬಿಡು ನೀಲವ್ವ. ನೀ ಅಂದ್ರ ಹುಡುಗ್ರು ಅಂತಾವು. ಹುಡುಗಿ ವರ್ಷ ಹಾಳಾಗಬಾರದು.”

“ಅಂದ್ರ ಏನಾಕ್ಕೈತಿ ಅಂತ ನನಗೂ ಗೊತ್ತಿಲ್ರಿ ಅಕ್ಕಾರ,” ಎಂದಳು. “ಅಂದ ನೋಡಿಲ್ಲ.”

ನನ್ನ ಮಗಳ ಪಾಸು ದೊಡ್ಡದೋ ಅವಳ ಮಾತು ದೊಡ್ಡದೋ ಎಂದು ನಾನು ಆಗ ತೂಗಿ ನೋಡಲಿಲ್ಲ. ತಾಯಿಯಾದವಳು ತೂಗುವುದೂ ಇಲ್ಲ.

ಶನಿವಾರ ಬೆಳಿಗ್ಗೆ ನೀಲವ್ವ ತಲೆಗೆ ನೀರು ಹಾಕಿಕೊಂಡು ವಿಭೂತಿ ಹಚ್ಚಿಕೊಂಡು ಬಂದಳು. ಮುಖ ಹಗುರಾಗಿತ್ತು. “ಮನ್ಯಾಗ ದೇವರ ಮುಂದ ಪಾವ ಅಕ್ಕಿ ಅಳದ ಲಾಭ ಅಂದ ಬಂದೇನ್ರಿ. ಇನ್ನ ಇಲ್ಲಿ ಏನಂದ್ರೂ ಅದು ಎರಡನೇದ ಆಕ್ಕೈತಿ. ಹಚ್ಚವಾ ಸವಿತಾ ನಿನ್ನ ಫೋನು.”

ಬಸಪ್ಪ ಮಗ್ಗ ನಿಲ್ಲಿಸಿದ. ನಾನು ತಾಳ ಹಿಡಿದೆ. ನೀಲವ್ವ ಪಾವು ತುಂಬಿ, ಪರಾತದ ಮೇಲೆ ಎತ್ತಿ ಹಿಡಿದು, ಕಣ್ಣು ಮುಚ್ಚಿ ಹೇಳಿದಳು. “ಒಂದು.”

ಒಂದು ಮಗುವೂ ಉಸಿರೆತ್ತಲಿಲ್ಲ. ಬಸಪ್ಪನ ಮೊಮ್ಮಗಳು ಎದ್ದು ನಿಂತು, “ಆಯಿ, ತಪ್ಪಿದಿ! ಲಾಭ ಅನಬೇಕು,” ಎಂದಳು. ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡೆವು.

“ಹೌದವಾ ನನ ಕೂಸ,” ಎಂದಳು ನೀಲವ್ವ. “ಇವತ್ತ ಅಕ್ಕನ ಆಟ ಐತಿ. ಅಕ್ಕನ ಆಟದಾಗ ಹಿಂಗ. ಕುಂದ್ರು.” ಮತ್ತೆ ಪಾವು ಎತ್ತಿ ಮತ್ತೆ ಹೇಳಿದಳು. ಈ ಸಲ ಮಕ್ಕಳು ಕೂಗಿದವು.

ಹತ್ತು ಮುಗಿದು ಚಪ್ಪಾಳೆಯಾಯಿತು. ಮಕ್ಕಳಿಗೆ ಪೆಪ್ಪರಮಿಂಟು ಹಂಚಲು ನಾವೆಲ್ಲ ಕಟ್ಟೆಗೆ ಬಂದೆವು. ಮಧ್ಯಾಹ್ನ ಸವಿತಾ ಚಪ್ಪಾಳೆಯಿಂದಾಚೆಗಿನದನ್ನು ಕತ್ತರಿಸಿ ಕಳಿಸಿದಳು. ಪಾಸಾದಳು. ಈಗ ರೋಣದಲ್ಲೇ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ.

ನೀಲವ್ವ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ನರಗುಂದಕ್ಕೆ ಮಗ ಮಲ್ಲಪ್ಪನ ಕಡೆ ಹೋದಳು. ಅವನದು ಅಲ್ಲಿ ಪಂಕ್ಚರ್ ಅಂಗಡಿ. ಕಡೆಯ ಸಲ ನಾನು ಅವಳನ್ನು ಕಂಡದ್ದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ. ಟೀಚರಮ್ಮನನ್ನು ಕಂಡು ಹೋಗಲು ಬಂದಿದ್ದಳು. ನನ್ನ ಕೈ ಹಿಡಿದುಕೊಂಡು, “ಈಗ ಅಕ್ಕಿ ಯಾರ ಅಳೀತಾರ್ರಿ?” ಎಂದು ಕೇಳಿದಳು. ಹೊಸ ಹುಡುಗಿ ಬಂದಿದ್ದಾಳೆ, ತಕ್ಕಡಿಯಲ್ಲಿ ತೂಗುತ್ತಾಳೆ ಎಂದೆ. “ಅದೂ ಚಲೋನ,” ಎಂದು ಬಸ್ಸು ಹತ್ತಿದಳು.

ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಮಲಗಿದವಳು ಏಳಲಿಲ್ಲ, ಯಾರಿಗೂ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದರು. ಅದೂ ದೇವರ ಕರುಣೆಯೇ.

ಕೆಲವು ತಿಂಗಳ ಮೇಲೆ, ಒಂದು ಭಾನುವಾರ ಮಲ್ಲಪ್ಪ ನಮ್ಮ ಮನೆಗೆ ಬಂದ. ಚಹಾ ಕುಡಿದು ಕಪ್ಪು ಕೆಳಗಿಟ್ಟು, “ಅಕ್ಕಾರ, ಅವ್ವನ ಫೋಟೋ ಐತ್ರಿ. ದನಿ ಎಲ್ಲೂ ಇಲ್ಲ. ನಿಮ್ಮ ಹುಡುಗಿ ವಿಡಿಯೋ ಮಾಡಿದ್ಳು ಅಂತಿದ್ಳು,” ಎಂದ. ಸವಿತಾ ಮನೆಯಲ್ಲಿದ್ದಳು. ತೋರಿಸಿದಳು. ಎರಡು ಹಸಿರು ಬಳೆಯ ಕೈ, ಪಾವು, ಅಕ್ಕಿ. “ಒಂದು.”

ಮಲ್ಲಪ್ಪ ಫೋನನ್ನು ತಿರುಗಿ ಅವಳ ಕೈಗೆ ಕೊಟ್ಟ. “ಕೈ ಆಕೀದ. ದನಿ ಆಕೀದ. ಆದರ ಇದು ನಮ್ಮವ್ವ ಅಲ್ಲ ಬಿಡ್ರಿ.”

ಅಳಿಸಿಹಾಕಿದ ಮೊದಲಿನ ವಿಡಿಯೋವನ್ನು ಎಲ್ಲಿಂದ ತರುವುದು? ಸವಿತಾ ತಲೆ ತಗ್ಗಿಸಿ ಫೋನು ಒತ್ತುತ್ತ ಕುಳಿತಳು. ಆಮೇಲೆ, “ಕತ್ತರಿಸಲಾರದ್ದು ಐತಿ, ಇದ ಶನಿವಾರದ್ದು. ಚಪ್ಪಾಳಿ ಮುಂದಿಂದು ನಾನೂ ನೋಡಿಲ್ಲ,” ಎಂದು ಹಚ್ಚಿದಳು. ಅಂದು ಅವಳು ಗೋಡೆಗೆ ಆನಿಸಿಟ್ಟಿದ್ದ ಫೋನಿನ ವಿಡಿಯೋ ನಿಲ್ಲಿಸದೆ ಹೊರಗೆ ಬಂದಿದ್ದಳು.

ಮಕ್ಕಳು ಎದ್ದು ಓಡಿದವು. ಪರಾತ, ಡಬ್ಬಿ, ಖಾಲಿ ಚಾಪೆ. ಎದುರುಮನೆಯ ಮಗ್ಗ ಮತ್ತೆ ಶುರುವಾದ ಸದ್ದು. ಹೊರಗೆ ನನ್ನದೇ ನಗು. ಆಮೇಲೆ ಆ ಕೈ ಬಂದು ಪರಾತದ ಅಕ್ಕಿಯನ್ನೆಲ್ಲ ತಿರುಗಿ ಡಬ್ಬಿಗೆ ಸುರಿಯಿತು. ಒಂದು ಕಾಳೂ ಉಳಿಯದಂತೆ ಬಳಿಯಿತು. ಪಾವು ತುಂಬಿತು.

“ಲಾಭ.”

ಮೆಲ್ಲಗೆ, ತನ್ನಷ್ಟಕ್ಕೆ, ಎರಡು, ಮೂರು, ಹತ್ತರ ತನಕ. ಮಲ್ಲಪ್ಪ ಅಷ್ಟನ್ನೂ ಕೇಳಿದ. “ಇದನ್ನ ನನಗ ಕಳಸವಾ ತಂಗಿ,” ಎಂದ.

ಆ ಶನಿವಾರ ಮಕ್ಕಳು ಉಂಡದ್ದು ಎರಡನೆಯ ಸಲ ಅಳೆದ ಆ ಅಕ್ಕಿಯ ಅನ್ನ. ನೀಲವ್ವ ಕರೆದು ನನಗೂ ಒಂದು ತುತ್ತು ಕೊಟ್ಟಿದ್ದಳು.